ಜಾಂಗೋ-ಅಡ್ಮಿನ್ ಕಮಾಂಡಿನ ತೊಡಕುಗಳು

ಜಾಂಗೋ-ಅಡ್ಮಿನ್ ಕಮಾಂಡಿನ ತೊಡಕುಗಳು ಎಂದರೆ, ಪೈಥಾನ್ ಭಾಷೆಯ ಜಾಂಗೋ ವೆಬ್ ಫ್ರೇಮ್‌ವರ್ಕನ್ನು ಗಣಕದಲ್ಲಿ ಅಳವಡಿಸಿ ಮೊದಲ ಪ್ರಾಜೆಕ್ಟು ತೆರೆಯುವ ಹಂತದಲ್ಲಿ, ಅದರ ಕಮಾಂಡ್ ಲೈನ್ ಸಾಧನ ಸಿಗದೆ, ಓಡದೆ ಅಥವಾ ಬೇರೊಂದು ಆವೃತ್ತಿಯಾಗಿ ಓಡಿ ಉಂಟಾಗುವ ದೋಷಗಳು. ಇವುಗಳಲ್ಲಿ ಬಹುಪಾಲಿಗೆ ಜಾಂಗೋ ಕಾರಣವಲ್ಲ. ಒಂದೇ ಯಂತ್ರದಲ್ಲಿ ಹಲವು ಪೈಥಾನ್‌ಗಳಿದ್ದು, ಪ್ಯಾಕೇಜು ಒಂದಕ್ಕೆ ಸೇರಿ ಕಮಾಂಡು ಇನ್ನೊಂದನ್ನು ಎಬ್ಬಿಸುವುದೇ ಮುಖ್ಯ ಕಾರಣ. ಆದ್ದರಿಂದ ಈಗ ಉತ್ತರಿಸುತ್ತಿರುವ ಪೈಥಾನ್ ಯಾವುದು ಎಂಬ ಪ್ರಶ್ನೆಯಿಂದಲೇ ಪರಿಹಾರ ಶುರುವಾಗುತ್ತದೆ.

ಪದಗಳ ಬಳಕೆ

ಜಾಂಗೋ-ಅಡ್ಮಿನ್ ಎಂಬುದು ಟರ್ಮಿನಲ್‌ನಲ್ಲಿ ಓಡುವ ಕಮಾಂಡು. ಜಾಂಗೋ ಜೊತೆಗೇ ಬರುವ, ಬ್ರೌಸರಿನಲ್ಲಿ ತೆರೆಯುವ ಅಡ್ಮಿನ್ ಪುಟಕ್ಕೂ ಇದಕ್ಕೂ ಸಂಬಂಧವಿಲ್ಲ. ಪಿಪ್ ಎಂದರೆ ಪೈಥಾನ್ ಪ್ಯಾಕೇಜುಗಳನ್ನು ತಂದು ಅಳವಡಿಸುವ ಸಾಧನ. ಪಾತ್ ಎಂದರೆ ಬರೆದ ಕಮಾಂಡನ್ನು ಯಾವ ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು, ಟರ್ಮಿನಲ್‌ನಲ್ಲಿ ಕಮಾಂಡುಗಳನ್ನು ಓಡಿಸುವ ಶೆಲ್‌ಗೆ ತಿಳಿಸುವ ಪಟ್ಟಿ. ಒಂದು ಪ್ರಾಜೆಕ್ಟಿಗೆಂದೇ ಬೇರೆ ಮಾಡಿದ ಪೈಥಾನ್ ಮತ್ತು ಅದರ ಪ್ಯಾಕೇಜುಗಳ ಫೋಲ್ಡರನ್ನು ಇಲ್ಲಿ ಪ್ರತ್ಯೇಕ ಪರಿಸರ ಎಂದು ಕರೆದಿದೆ. ಅದನ್ನು ಸೃಷ್ಟಿಸುವ ಪೈಥಾನ್ ಭಾಗದ ಹೆಸರು ವೆನ್ವ್. ಕಮಾಂಡುಗಳನ್ನು ಈ ಲೇಖನದಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರಕ್ಕೆ ಕೊಡುವಾಗ ರೋಮನ್ ಅಕ್ಷರಗಳಲ್ಲೇ ಬರೆಯಬೇಕು.

ಹುಟ್ಟು ಮತ್ತು ಬೆಳವಣಿಗೆ

ಜಾಂಗೋ ಹುಟ್ಟಿದ್ದು ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಕಟ್ಟತೊಡಗಿದರು. 2005ರ ಜುಲೈನಲ್ಲಿ ಇದು ಮುಕ್ತ ತಂತ್ರಾಂಶವಾಗಿ ಹೊರಬಂತು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ಹೆಸರನ್ನೇ ಇದಕ್ಕೆ ಇಟ್ಟರು. 2008ರಲ್ಲಿ ಜಾಂಗೋ ಸಾಫ್ಟ್‌ವೇರ್ ಫೌಂಡೇಷನ್ ಸ್ಥಾಪನೆಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 1.0 ಆವೃತ್ತಿ ಬಂತು.

ಆರಂಭದ ವರ್ಷಗಳಲ್ಲಿ ಕಮಾಂಡಿನ ಹೆಸರು ಜಾಂಗೋ-ಅಡ್ಮಿನ್.ಪೈ ಎಂದಿತ್ತು. 1.7ರಲ್ಲಿ, ಅಂದರೆ 2014ರಲ್ಲಿ, .ಪೈ ಎಂಬ ಬಾಲವಿಲ್ಲದ ಜಾಂಗೋ-ಅಡ್ಮಿನ್ ಜೊತೆಗೂಡಿತು. ಮುಂದೆ 3.1ರಲ್ಲಿ ಹಳೆಯ ಹೆಸರು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿ, 2021ರ ಡಿಸೆಂಬರಿನ 4.0ರಲ್ಲಿ ಪೂರ್ತಿ ಇಲ್ಲವಾಯಿತು. ಹಳೆಯ ಪಠ್ಯಗಳನ್ನು ನೋಡಿಕೊಂಡು ಕಲಿಯುವವರಿಗೆ ಇಂದಿಗೂ ಮೊದಲು ಎಡವುವ ಜಾಗ ಇದು: ಪಠ್ಯದಲ್ಲಿ ಬಾಲವಿರುವ ಹೆಸರು, ಯಂತ್ರದಲ್ಲಿ ಬಾಲವಿಲ್ಲದ ಹೆಸರು. 2015ರ ಡಿಸೆಂಬರಿನಲ್ಲಿ ಬಂದ 1.9ರಲ್ಲಿ ಮೂರನೆಯ ದಾರಿಯೊಂದು ತೆರೆಯಿತು. ಪೈಥಾನ್ -ಎಮ್ ಜಾಂಗೋ ಎಂದು ಬರೆದರೆ ಪಾತ್‌ನಲ್ಲಿ ಜಾಂಗೋ-ಅಡ್ಮಿನ್ ಇರಲೇಬೇಕೆಂದಿಲ್ಲ. ತೊಡಕು ಬಿಡಿಸುವವರಿಗೆ ಇದು ಬಹಳ ನೆರವಾಯಿತು.

ಇತ್ತ ಪೈಥಾನ್ ಲೋಕವೂ ಬದಲಾಗುತ್ತಿತ್ತು. ಇಯನ್ ಬಿಕಿಂಗ್ 2007ರಲ್ಲಿ ವರ್ಚುವಲ್ಎನ್ವ್ ಸಾಧನವನ್ನೂ 2008ರಲ್ಲಿ ಪಿಪ್ ಸಾಧನವನ್ನೂ ಬರೆದರು. 2012ರ ಪೈಥಾನ್ 3.3ರಲ್ಲಿ ವೆನ್ವ್ ಭಾಷೆಯೊಳಗೇ ಬಂತು, 2014ರ 3.4ರಲ್ಲಿ ಪಿಪ್ ಕೂಡ ಜೊತೆಗೇ ಬರತೊಡಗಿತು. ಪೈಥಾನ್ 2ರಿಂದ 3ಕ್ಕೆ ದಾಟುವ ಕಾಲದಲ್ಲಿ ಒಂದೇ ಯಂತ್ರದಲ್ಲಿ ಎರಡೂ ಇರುವುದು ಮಾಮೂಲಾಯಿತು. 2017ರ ಡಿಸೆಂಬರಿನ ಜಾಂಗೋ 2.0 ಪೈಥಾನ್ 2ರ ಬೆಂಬಲವನ್ನು ನಿಲ್ಲಿಸಿದಾಗ ಈ ದ್ವಂದ್ವದ ಕಷ್ಟ ಎದ್ದು ಕಂಡಿತು.

ಕಮಾಂಡಿನ ರಚನೆ

ಜಾಂಗೋ-ಅಡ್ಮಿನ್ ದೊಡ್ಡ ಪ್ರೋಗ್ರಾಮೇನಲ್ಲ. ಪಿಪ್ ಜಾಂಗೋವನ್ನು ಅಳವಡಿಸುವಾಗ, ಜಾಂಗೋ ಒಳಗಿನ ಒಂದು ಫಂಕ್ಷನ್ನನ್ನು ಕರೆಯುವ ಪುಟ್ಟ ಚಾಲಕ ಫೈಲನ್ನು ತಾನೇ ಬರೆದಿಡುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಅದು ಬಿನ್ ಎಂಬ ಫೋಲ್ಡರಿನಲ್ಲಿರುವ ಕೆಲವೇ ಸಾಲುಗಳ ಪಠ್ಯ ಫೈಲು. ವಿಂಡೋಸ್‌ನಲ್ಲಿ ಸ್ಕ್ರಿಪ್ಟ್ಸ್ ಫೋಲ್ಡರಿನ ಒಂದು ಇಎಕ್ಸ್‌ಇ ಫೈಲು. ಪಠ್ಯ ಫೈಲಿನ ಮೊದಲ ಸಾಲಿನಲ್ಲಿ, ಶಿಬ್ಯಾಂಗ್ ಎನ್ನುವ ಸಾಲಿನಲ್ಲಿ, ತನ್ನನ್ನು ಓಡಿಸಬೇಕಾದ ಪೈಥಾನ್‌ನ ಪೂರ್ಣ ವಿಳಾಸ ಇರುತ್ತದೆ. ವಿಂಡೋಸ್ ಫೈಲಿನೊಳಗೂ ಅದೇ ವಿಳಾಸ ಅಡಗಿರುತ್ತದೆ.

ಚಾಲಕಕ್ಕೆ ಗೊತ್ತಿರುವುದು ಆ ವಿಳಾಸದ ಪೈಥಾನ್ ಒಂದೇ. ಟರ್ಮಿನಲ್‌ನಲ್ಲಿ ಪೈಥಾನ್ ಎಂದು ಬರೆದಾಗ ಸಿಗುವುದು ಬೇರೆಯದೇ ಇರಬಹುದು. ಪ್ರತ್ಯೇಕ ಪರಿಸರದ ಫೋಲ್ಡರನ್ನು ಬೇರೆಡೆಗೆ ಸರಿಸಿದರೆ ಅಥವಾ ಅದರ ಹೆಸರು ಬದಲಿಸಿದರೆ ಚಾಲಕದ ವಿಳಾಸ ಹಳೆಯದಾಗಿಯೇ ಉಳಿಯುತ್ತದೆ. ಆಗ ಫೈಲು ಕಣ್ಣೆದುರೇ ಇದ್ದರೂ ಓಡುವುದಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೆ ಬ್ಯಾಡ್ ಇಂಟರ್‌ಪ್ರಿಟರ್ ಎಂಬ ಸಂದೇಶ ಬರಬಹುದು. ಪರಿಸರವನ್ನು ಅಳಿಸಿ ಹೊಸದಾಗಿ ಕಟ್ಟುವುದೇ ಇದಕ್ಕೆ ಸರಿಯಾದ ಪರಿಹಾರ.

ಜಾಂಗೋ-ಅಡ್ಮಿನ್‌ನ ಸ್ಟಾರ್ಟ್‌ಪ್ರಾಜೆಕ್ಟ್ ಉಪಕಮಾಂಡು ಪ್ರಾಜೆಕ್ಟನ್ನು ಸೃಷ್ಟಿಸಿದಾಗ ಅದರೊಳಗೆ ಮ್ಯಾನೇಜ್.ಪೈ ಎಂಬ ಫೈಲು ಹುಟ್ಟುತ್ತದೆ. ಮಾಡುವ ಕೆಲಸ ಎರಡರದೂ ಒಂದೇ. ಆದರೆ ಮ್ಯಾನೇಜ್.ಪೈ ಆ ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲು ಯಾವುದೆಂದು ತಾನೇ ಹೇಳಿಕೊಡುತ್ತದೆ. ಆದ್ದರಿಂದ ಪ್ರಾಜೆಕ್ಟು ಹುಟ್ಟುವವರೆಗೆ ಜಾಂಗೋ-ಅಡ್ಮಿನ್, ಹುಟ್ಟಿದ ಮೇಲೆ ಮ್ಯಾನೇಜ್.ಪೈ ಎಂಬುದು ರೂಢಿ. ಪ್ರಾಜೆಕ್ಟಿನೊಳಗೆ ನಿಂತು, ಅಭ್ಯಾಸದ ಸರ್ವರು ಓಡಿಸಲು ಜಾಂಗೋ-ಅಡ್ಮಿನ್ ರನ್‌ಸರ್ವರ್ ಎಂದು ಬರೆದವರಿಗೆ ಇಂಪ್ರಾಪರ್ಲಿ ಕಾನ್ಫಿಗರ್ಡ್ ಎಂಬ ದೂರು ಬರುವುದು ಈ ವ್ಯತ್ಯಾಸದಿಂದ. 2012ರ 1.4ರಲ್ಲಿ ಮ್ಯಾನೇಜ್.ಪೈ ಒಳಗಿನ ಫೋಲ್ಡರಿನಿಂದ ಹೊರಗಿನ ಫೋಲ್ಡರಿಗೆ ಬಂತು. ಒಂದೇ ಹೆಸರಿನ ಎರಡು ಫೋಲ್ಡರುಗಳು ಒಂದರೊಳಗೊಂದು ಕಾಣುವುದು ಅಂದಿನಿಂದ. ಒಳಗಿನದರಲ್ಲಿ ನಿಂತರೆ ಮ್ಯಾನೇಜ್.ಪೈ ಸಿಗುವುದಿಲ್ಲ.

ತೊಡಕುಗಳ ಬಗೆಗಳು

ಕಮಾಂಡು ಸಿಗದಿರುವುದು. ಆಗಾಗ ಕಾಣುವ ತೊಡಕು ಇದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಕಮಾಂಡ್ ನಾಟ್ ಫೌಂಡ್ ಎಂಬ ಸಂದೇಶವೂ 127 ಎಂಬ ನಿರ್ಗಮನ ಸಂಖ್ಯೆಯೂ ಬರುತ್ತವೆ. ಫೈಲು ಸಿಕ್ಕಿಯೂ ಓಡಿಸುವ ಅನುಮತಿ ಇಲ್ಲದಿದ್ದರೆ ಆ ಸಂಖ್ಯೆ 126. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್, ಇದು ಒಳಗಿನ ಅಥವಾ ಹೊರಗಿನ ಕಮಾಂಡು ಎಂದು ಗುರುತಿಸಲಾಗಿಲ್ಲ ಎನ್ನುತ್ತದೆ. ಕಮಾಂಡು ಸಿಗಲಿಲ್ಲ ಎನ್ನುವ ಸಂದೇಶಗಳಿಗೆಲ್ಲ ಅರ್ಥ ಒಂದೇ: ಚಾಲಕ ಫೈಲಿರುವ ಫೋಲ್ಡರು ಪಾತ್‌ನಲ್ಲಿಲ್ಲ, ಇಲ್ಲವೇ ಜಾಂಗೋ ಅಳವಟ್ಟೇ ಇಲ್ಲ.

ಕಾರಣ ಮಾತ್ರ ಕಾರ್ಯವ್ಯವಸ್ಥೆಯಿಂದ ಕಾರ್ಯವ್ಯವಸ್ಥೆಗೆ ಬೇರೆ. ವಿಂಡೋಸ್‌ಗೆಂದು ಪೈಥಾನ್ ಜಾಲತಾಣ ಕೊಡುವ ಸಾಂಪ್ರದಾಯಿಕ ಇನ್‌ಸ್ಟಾಲರಿನ ಮೊದಲ ಪರದೆಯಲ್ಲಿ, ಪೈಥಾನನ್ನು ಪಾತ್‌ಗೆ ಸೇರಿಸುವ ಚೌಕ ತಾನಾಗಿ ಗುರುತಾಗಿರುವುದಿಲ್ಲ. ಅದನ್ನು ಗಮನಿಸದೆ ಮುಂದೆ ಹೋದವರಿಗೆ ಪಿಪ್, ಜಾಂಗೋ-ಅಡ್ಮಿನ್ ಎರಡೂ ಸಿಗುವುದಿಲ್ಲ. ಲಿನಕ್ಸ್‌ನ ಡೆಬಿಯನ್ ಮತ್ತು ಉಬುಂಟುಗಳ 2023ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವ್ಯವಸ್ಥೆಯ ಫೋಲ್ಡರಿಗೆ ಬರೆಯಲು ಅನುಮತಿ ಇಲ್ಲದಾಗ, 2020ರ ಪಿಪ್ 20.0ರಿಂದೀಚೆಗೆ, ಪ್ಯಾಕೇಜು ಬಳಕೆದಾರರ ಸ್ವಂತ ಫೋಲ್ಡರಿಗೆ ಹೋಗುತ್ತದೆ. ಚಾಲಕ ಅಲ್ಲಿನ ಲೋಕಲ್ ಬಿನ್‌ನಲ್ಲಿ ಕೂರುತ್ತದೆ. ಆ ಫೋಲ್ಡರು ಲಾಗಿನ್ ಆಗುವ ಹೊತ್ತಿಗೇ ಇದ್ದರೆ ಮಾತ್ರ ವ್ಯವಸ್ಥೆ ಅದನ್ನು ಪಾತ್‌ಗೆ ಸೇರಿಸುತ್ತದೆ. ಮೊದಲ ಸಲ ಅಳವಡಿಸಿದವರಿಗೆ ಕಮಾಂಡು ಸಿಗದೆ, ಲಾಗ್ ಔಟ್ ಆಗಿ ಮರಳಿ ಬಂದಾಗ ಸಿಗುವುದರ ಗುಟ್ಟು ಇದೇ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದ ಮೂಲ ಶೆಲ್ ಬ್ಯಾಶ್ ಹೋಗಿ ಝೀಶೆಲ್ ಬಂತು; ಬ್ಯಾಶ್‌ನ ಪ್ರೊಫೈಲ್ ಫೈಲಿನಲ್ಲಿ ಬರೆದ ಪಾತ್ ಸಾಲುಗಳನ್ನು ಅದು ಓದುವುದಿಲ್ಲ. ತಂತ್ರಾಂಶಗಳನ್ನು ಅಳವಡಿಸುವ ಹೋಮ್‌ಬ್ರೂ ಸಾಧನವಂತೂ ಇಂಟೆಲ್ ಮ್ಯಾಕ್‌ಗಳಲ್ಲಿ ಯುಎಸ್‌ಆರ್ ಲೋಕಲ್‌ನಲ್ಲೂ ಆಪಲ್ ಸಿಲಿಕಾನ್ ಯಂತ್ರಗಳಲ್ಲಿ ಆಪ್ಟ್ ಹೋಮ್‌ಬ್ರೂನಲ್ಲೂ ತನ್ನ ಫೈಲುಗಳನ್ನಿಡುವುದರಿಂದ ಪಾತ್‌ಗೆ ಸೇರಬೇಕಾದ ಫೋಲ್ಡರೂ ಬೇರೆಯಾಗುತ್ತದೆ.

ಅಳವಡಿಸುವಾಗಲೇ ಪಿಪ್ ಈ ಎಚ್ಚರಿಕೆ ಕೊಟ್ಟಿರುತ್ತದೆ. ಚಾಲಕವಿರುವ ಫೋಲ್ಡರಿನ ಹೆಸರು ಹೇಳಿ, ಅದು ಪಾತ್‌ನಲ್ಲಿಲ್ಲ ಎಂದು ಹಳದಿ ಬಣ್ಣದಲ್ಲಿ ಬರೆಯುತ್ತದೆ. ಯಶಸ್ವಿ ಎಂಬ ಕೊನೆಯ ಸಾಲಷ್ಟನ್ನೇ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ.

ತಪ್ಪು ಪೈಥಾನ್. ಮೇಲಿನದಕ್ಕಿಂತ ಮೋಸದ ಬಗೆ ಇದು, ಏಕೆಂದರೆ ಇಲ್ಲಿ ಕಮಾಂಡು ಓಡುತ್ತದೆ. ಪಿಪ್ ಯಾವುದೋ ಪೈಥಾನ್‌ಗೆ ಸೇರಿದ್ದು, ಪೈಥಾನ್ ಎಂಬ ಕಮಾಂಡು ಬೇರೆಯದನ್ನು ಎಬ್ಬಿಸಿದರೆ, ಜಾಂಗೋ ಅಳವಟ್ಟಿದ್ದರೂ ನೋ ಮಾಡ್ಯೂಲ್ ನೇಮ್ಡ್ ಜಾಂಗೋ ಎಂಬ ದೋಷ ಬರುತ್ತದೆ. ಇದನ್ನು ಎದುರು ನೋಡಿಯೇ ಮ್ಯಾನೇಜ್.ಪೈ ಬರೆದವರು ಅದರ ಸಂದೇಶದೊಳಗೆ ಒಂದು ಪ್ರಶ್ನೆ ಇಟ್ಟಿದ್ದಾರೆ: ಪ್ರತ್ಯೇಕ ಪರಿಸರವನ್ನು ಚಾಲನೆಗೆ ತರಲು ಮರೆತಿರಾ? ಬಹಳ ಸಲ ಉತ್ತರ ಹೌದು ಎಂದೇ ಇರುತ್ತದೆ. ಪರಿಸರದ ಆಕ್ಟಿವೇಟ್ ಸ್ಕ್ರಿಪ್ಟು ಮುಖ್ಯವಾಗಿ ಮಾಡುವುದು ಪಾತ್‌ನ ಮೊದಲಿಗೆ ತನ್ನ ಫೋಲ್ಡರನ್ನು ಸೇರಿಸುವುದು. ಅದರ ಪರಿಣಾಮ ಆ ಟರ್ಮಿನಲ್ ಕಿಟಕಿಗಷ್ಟೇ. ಹೊಸ ಕಿಟಕಿ ತೆರೆದರೆ ಮತ್ತೆ ಚಾಲನೆಗೆ ತರಬೇಕು. ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಸುಡೋ ಕಮಾಂಡನ್ನು ಸೇರಿಸಿದರೆ ಸಾಮಾನ್ಯವಾಗಿ ಪಾತ್ ಪೂರ್ತಿ ಬದಲಾಗಿ ವ್ಯವಸ್ಥೆಯ ಪೈಥಾನ್ ಎದ್ದು ಕೂರುತ್ತದೆ. ಅನುಮತಿಯ ದೋಷ ಕಂಡೊಡನೆ ಸುಡೋ ಸೇರಿಸುವ ಅಭ್ಯಾಸ ಒಂದು ತೊಡಕನ್ನು ಎರಡಾಗಿಸುತ್ತದೆ.

ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ, ಪೈಥಾನ್ ಇಲ್ಲದ ಯಂತ್ರದಲ್ಲಿ ಪೈಥಾನ್ ಎಂದು ಬರೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಬೇರೆ ಕಡೆಯಿಂದ ಪೈಥಾನ್ ತಂದ ಮೇಲೂ ಸ್ಟೋರನ್ನು ತೆರೆಯುವ ಈ ಅಡ್ಡಹೆಸರು (ಅಲಿಯಾಸ್) ಮುಂದೆ ನಿಂತು ತಡೆಯಬಹುದು. ಸೆಟ್ಟಿಂಗ್ಸ್‌ನ ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಭಾಗದಲ್ಲಿ ಅದನ್ನು ಆಫ್ ಮಾಡಬೇಕು. ಉಬುಂಟು 20.04ರಿಂದೀಚೆಗೆ ಪೈಥಾನ್ ಎಂಬ ಬರಿ ಹೆಸರು ಮೂಲದಲ್ಲಿ ಇರುವುದಿಲ್ಲ, ಪೈಥಾನ್3 ಎಂದೇ ಬರೆಯಬೇಕು. ಮ್ಯಾಕ್‌ನಲ್ಲಿ 2022ರ 12.3 ಆವೃತ್ತಿ ಹಳೆಯ ಪೈಥಾನ್ 2.7ನ್ನು ತೆಗೆದುಹಾಕಿತು.

ವ್ಯವಸ್ಥೆಯೇ ಒಡ್ಡುವ ತಡೆ. 2023ರ ಡೆಬಿಯನ್ 12 ಮತ್ತು ಉಬುಂಟು 23.04ರಿಂದ, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಮೂಲಕ ಏನನ್ನಾದರೂ ಸೇರಿಸಲು ಹೊರಟರೆ ಎಕ್ಸ್ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಎಂಬ ದೋಷ ತಡೆಯುತ್ತದೆ. ಪೈಥಾನ್‌ನ ಪೆಪ್ 668 ಪ್ರಸ್ತಾವದಲ್ಲಿ ವಿಧಿಸಿದ ನಿಯಮ ಇದು. ಲಿನಕ್ಸ್‌ನ ಹಲವು ಸ್ವಂತ ಸಾಧನಗಳು ಅದೇ ಪೈಥಾನನ್ನು ನಂಬಿಕೊಂಡಿರುವುದರಿಂದ ಅದರ ಪ್ಯಾಕೇಜುಗಳನ್ನು ಕೆದಕಿದರೆ ವ್ಯವಸ್ಥೆಯೇ ಕೆಡಬಹುದು. ತಡೆಯನ್ನು ದಾಟುವ ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಎಂಬ ಆಯ್ಕೆ ಇದೆಯಾದರೂ ಜಾಂಗೋ ಕಲಿಯಲು ಅದರ ಅಗತ್ಯ ಎಂದೂ ಬೀಳುವುದಿಲ್ಲ. ಡೆಬಿಯನ್ ಬಳಗದಲ್ಲಿ ವೆನ್ವ್ ಪೂರ್ತಿಯಾಗಿ ಸಿಗಲು ಪೈಥಾನ್3-ವೆನ್ವ್ ಎಂಬ ಪ್ಯಾಕೇಜನ್ನು ಬೇರೆಯಾಗಿ ತರಬೇಕು.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ತಡೆಯ ರೂಪ ಬೇರೆ. ಸ್ಕ್ರಿಪ್ಟುಗಳನ್ನು ಓಡಿಸದಿರುವುದೇ ಅದರ ಮೂಲ ನೀತಿಯಾದ್ದರಿಂದ ಪರಿಸರದ ಆಕ್ಟಿವೇಟ್ ಸ್ಕ್ರಿಪ್ಟೂ ಓಡುವುದಿಲ್ಲ. ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ ಕಮಾಂಡಿನಿಂದ ಈ ಬಳಕೆದಾರರಿಗೆ ಮಾತ್ರ ರಿಮೋಟ್‌ಸೈನ್ಡ್ ಎಂಬ ಮಟ್ಟ ಕೊಟ್ಟರೆ ಸಾಕು. ಕಚೇರಿ, ಕಾಲೇಜುಗಳ ಜಾಲಗಳಲ್ಲಿ ಪ್ರಾಕ್ಸಿ ಅಥವಾ ಅಲ್ಲಿನ ಸ್ವಂತ ಭದ್ರತಾ ಪ್ರಮಾಣಪತ್ರ ಅಡ್ಡ ಬಂದು, ಪಿಪ್‌ನ ಡೌನ್‌ಲೋಡೇ ಸರ್ಟಿಫಿಕೇಟ್ ವೆರಿಫೈ ಫೇಲ್ಡ್ ಎಂದು ನಿಲ್ಲುವುದುಂಟು. 2024ರ ಪಿಪ್ 24.2 ಕಾರ್ಯವ್ಯವಸ್ಥೆಯ ಪ್ರಮಾಣಪತ್ರಗಳನ್ನೇ ಬಳಸತೊಡಗಿದ ಮೇಲೆ ಈ ತೊಡಕು ತಗ್ಗಿದೆ.

ಆವೃತ್ತಿ ಹೊಂದದಿರುವುದು. ಪೈಥಾನ್ ಹಳೆಯದಾಗಿದ್ದರೆ ಪಿಪ್ ದೋಷ ತೋರದೆ, ಆ ಪೈಥಾನ್‌ಗೆ ಹೊಂದುವ ಹಳೆಯ ಜಾಂಗೋವನ್ನು ಸದ್ದಿಲ್ಲದೆ ತರುತ್ತದೆ. ಜಾಂಗೋ 5.0ಕ್ಕೆ ಪೈಥಾನ್ 3.10 ಅಥವಾ ಮುಂದಿನದು ಬೇಕು; 3.9 ಇರುವ ಯಂತ್ರಕ್ಕೆ 4.2 ಸರಣಿಯೇ ಬರುತ್ತದೆ. ಕಮಾಂಡು ಸಿಗದಾಗ ಉಬುಂಟು ತಾನಾಗಿ ಸೂಚಿಸುವ, ಅದರ ಸ್ವಂತ ಭಂಡಾರದಿಂದ ಪ್ಯಾಕೇಜು ತರುವ ಆಪ್ಟ್ ಕಮಾಂಡನ್ನು ಅನುಸರಿಸಿದರೂ ಹೀಗೆಯೇ, 22.04ರಲ್ಲಿ ಸಿಗುವುದು 3.2, 24.04ರಲ್ಲಿ 4.2. ತಿರುಗುಮುರುಗಾದ ತೊಡಕೂ ಇದೆ. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್, 3.13ರಲ್ಲಿ ಸಿಜಿಐ ಎಂಬ ಭಾಗಗಳು ಇಲ್ಲವಾದವು. ಸಿಜಿಐಯನ್ನು ನೆಚ್ಚಿದ ಜಾಂಗೋ 3.2ರಂಥ ಆವೃತ್ತಿಗಳು ಹೊಸ ಪೈಥಾನ್‌ನಲ್ಲಿ ಮೊದಲ ಹೆಜ್ಜೆಯಲ್ಲೇ ಕುಸಿಯುತ್ತವೆ. ಹಳೆಯ ಸರ್ವರುಗಳಲ್ಲಿ ಇನ್ನೊಂದು ಮುಖ ಕಂಡಿತ್ತು: ಸೆಂಟ್‌ಒಎಸ್ 7ರಲ್ಲಿದ್ದ ಎಸ್‌ಕ್ಯೂಲೈಟ್ ದತ್ತಕೋಶ 3.7.17, ಜಾಂಗೋ 2.2ಕ್ಕೆ ಬೇಕಿದ್ದುದು 3.8.3.

ಹೆಸರಿನ ತೊಡಕು. ಪ್ರಾಜೆಕ್ಟಿನ ಹೆಸರು ಪೈಥಾನ್‌ನಲ್ಲಿ ಸಲ್ಲುವ ಗುರುತುಪದವಾಗಿರಬೇಕು. ಅಡ್ಡಗೆರೆ, ಖಾಲಿ ಜಾಗ ಅಥವಾ ಮೊದಲಿಗೇ ಅಂಕಿ ಇದ್ದರೆ ಸ್ಟಾರ್ಟ್‌ಪ್ರಾಜೆಕ್ಟ್ ಒಪ್ಪುವುದಿಲ್ಲ. ಟೆಸ್ಟ್, ಜಾಂಗೋ ಮುಂತಾಗಿ ಪೈಥಾನ್‌ಗೆ ಆಗಲೇ ಗೊತ್ತಿರುವ ಹೆಸರುಗಳನ್ನೂ ಅದು ತಿರಸ್ಕರಿಸುತ್ತದೆ. ಕಲಿಯುವವರು ತಮ್ಮ ಅಭ್ಯಾಸದ ಫೈಲಿಗೆ ಜಾಂಗೋ.ಪೈ ಎಂದು ಹೆಸರಿಟ್ಟರೆ, ಪೈಥಾನ್ ನಿಜವಾದ ಜಾಂಗೋ ಬದಲು ಆ ಫೈಲನ್ನೇ ಎತ್ತಿಕೊಂಡು ಜಾಂಗೋ ಒಂದು ಪ್ಯಾಕೇಜಲ್ಲ ಎಂದು ದೂರುತ್ತದೆ. ಪಿಪ್‌ಗೆ ಕೊಡುವ ಹೆಸರಿನ ಕಾಗುಣಿತವಂತೂ ಸುರಕ್ಷತೆಯ ಮಾತು. 2018ರಲ್ಲಿ ಜಾಂಗೋ ಹೆಸರಿನ ಒಂದೆರಡು ಅಕ್ಷರ ಅದಲುಬದಲು ಮಾಡಿದ ಕೇಡಿನ ಪ್ಯಾಕೇಜುಗಳು, ಪಿಪ್ ಪ್ಯಾಕೇಜುಗಳನ್ನು ತರುವ ಪೈಪಿಐ ಭಂಡಾರದಲ್ಲಿ ಪತ್ತೆಯಾಗಿ, ಅವನ್ನು ತೆಗೆದುಹಾಕಲಾಯಿತು.

ಚಾಲನೆಯ ತೊಡಕು. ರನ್‌ಸರ್ವರ್ ಮೂಲತಃ 127.0.0.1 ವಿಳಾಸದ 8000ನೇ ಪೋರ್ಟಿನಲ್ಲಿ ನಿಲ್ಲುತ್ತದೆ. ಹಿಂದಿನ ಸರ್ವರು ಇನ್ನೂ ಓಡುತ್ತಿದ್ದರೆ ಪೋರ್ಟು ಬಳಕೆಯಲ್ಲಿದೆ ಎನ್ನುತ್ತದೆ. ಕಮಾಂಡಿನ ಕೊನೆಗೆ 8001 ಎಂದು ಸೇರಿಸಿದರೆ ದಾರಿ ತೆರೆಯುತ್ತದೆ. ಕಂಟೇನರಿನೊಳಗೆ ಓಡಿಸುವವರು 0.0.0.0 ವಿಳಾಸ ಕೊಡದಿದ್ದರೆ ಹೊರಗಿನ ಬ್ರೌಸರಿಗೆ ಪುಟ ಕಾಣುವುದಿಲ್ಲ. ಮೊದಲ ಚಾಲನೆಯಲ್ಲಿ 18 ಮೈಗ್ರೇಶನ್‌ಗಳು (ದತ್ತಕೋಶಕ್ಕೆ ಮಾಡಬೇಕಾದ ಬದಲಾವಣೆಗಳು) ಬಾಕಿ ಇವೆ ಎಂದು ಕೆಂಪಕ್ಷರದಲ್ಲಿ ಬರುವ ಸಾಲು ದೋಷವಲ್ಲ. ಮೈಗ್ರೇಟ್ ಉಪಕಮಾಂಡು ಓಡಿಸಿದರೆ ಹೋಗುತ್ತದೆ.

ಪತ್ತೆಯ ಕ್ರಮ

ಮೊದಲ ಹೆಜ್ಜೆ, ಕಮಾಂಡಿನ ವಿಳಾಸ ಕೇಳುವುದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಟೈಪ್ -ಎ ಎಂದು ಬರೆದು ಮುಂದೆ ಕಮಾಂಡಿನ ಹೆಸರು ಕೊಟ್ಟರೆ, ಪಾತ್‌ನಲ್ಲಿ ಆ ಹೆಸರಿನವು ಎಷ್ಟಿವೆಯೋ ಅಷ್ಟೂ ಕ್ರಮವಾಗಿ ಬರುತ್ತವೆ. ವಿಚ್ ಕಮಾಂಡು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ತೋರುತ್ತದೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದೇ ಕೆಲಸಕ್ಕೆ ವೇರ್ ಇದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಆ ಹೆಸರು ಬೇರೊಂದು ಕೆಲಸಕ್ಕೆ ಮೀಸಲಾದ್ದರಿಂದ ಗೆಟ್-ಕಮಾಂಡ್ ಬಳಸಬೇಕು.

ಎರಡನೆಯದಾಗಿ ಪಿಪ್ ಆವೃತ್ತಿಯನ್ನು ಕೇಳಬೇಕು. ಉತ್ತರದ ಸಾಲಿನಲ್ಲಿ ಆವೃತ್ತಿಯ ಜೊತೆಗೆ ಪಿಪ್ ಇರುವ ಫೋಲ್ಡರೂ ಅದು ಸೇರಿದ ಪೈಥಾನ್ ಸಂಖ್ಯೆಯೂ ಇರುತ್ತವೆ. ಪೈಥಾನ್ ಒಳಗೆ ಹೋಗಿ ಸಿಸ್.ಎಕ್ಸಿಕ್ಯೂಟೆಬಲ್ ಮುದ್ರಿಸಿದರೆ ಓಡುತ್ತಿರುವ ಪೈಥಾನ್‌ನ ಪೂರ್ಣ ವಿಳಾಸ ಸಿಗುತ್ತದೆ, ಸಿಸ್.ಪ್ರಿಫಿಕ್ಸ್ ಮತ್ತು ಸಿಸ್.ಬೇಸ್ ಪ್ರಿಫಿಕ್ಸ್ ಬೇರೆ ಬೇರೆಯಾಗಿದ್ದರೆ ನಾವು ಪ್ರತ್ಯೇಕ ಪರಿಸರದೊಳಗಿದ್ದೇವೆ. ಕಮಾಂಡು, ಪಿಪ್, ಓಡುತ್ತಿರುವ ಪೈಥಾನ್ ಈ ಮೂರರ ವಿಳಾಸಗಳು ಒಂದೇ ಕಡೆಗೆ ಬೊಟ್ಟು ಮಾಡದಿದ್ದರೆ ತೊಡಕು ಅಲ್ಲೇ ಇದೆ, ಮುಂದೆ ಹುಡುಕಬೇಕಾಗಿಲ್ಲ. ಮಾಡಿದರೆ ಪೈಥಾನ್ -ಎಮ್ ಜಾಂಗೋ ಮೂಲಕ ಜಾಂಗೋ ಆವೃತ್ತಿ ನೋಡಬೇಕು. ಅದು ಉತ್ತರಿಸಿ, ಜಾಂಗೋ-ಅಡ್ಮಿನ್ ಮಾತ್ರ ಉತ್ತರಿಸದಿದ್ದರೆ ಪಾತ್ ತಪ್ಪಿದೆ. ಅದೂ ಉತ್ತರಿಸದಿದ್ದರೆ ಆ ಪೈಥಾನ್‌ನಲ್ಲಿ ಜಾಂಗೋ ಇಲ್ಲ. ಫೈಲುಗಳನ್ನು ಬದಲಿಸಿದ ಮೇಲೂ ಬ್ಯಾಶ್ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿದ್ದರೆ ಹ್ಯಾಶ್ -ಆರ್ ಅದನ್ನು ಅಳಿಸುತ್ತದೆ.

ಪ್ರಾಜೆಕ್ಟು ಹುಟ್ಟಿದ ಮೇಲಿನ ದೋಷಗಳಿಗೆ ಜಾಂಗೋದಲ್ಲೇ ಸಾಧನಗಳಿವೆ. ಚೆಕ್ ಉಪಕಮಾಂಡು ಸೆಟ್ಟಿಂಗ್ಸನ್ನು ಪರೀಕ್ಷಿಸುತ್ತದೆ. ಡಿಫ್‌ಸೆಟ್ಟಿಂಗ್ಸ್ ಮೂಲದಿಂದ ಬದಲಾದವನ್ನು ತೋರಿಸುತ್ತದೆ. ಟ್ರೇಸ್‌ಬ್ಯಾಕ್ ಆಯ್ಕೆ ಒಂದು ಸಾಲಿನ ದೂರನ್ನು ಅದರ ಪೂರ್ಣ ಹಾದಿಯಾಗಿ ಬಿಡಿಸಿಡುತ್ತದೆ. ಪೈಥಾನ್ ದೋಷದ ಪಟ್ಟಿಯಲ್ಲಿ ಮೂಲ ಕಾರಣ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ.

ಪರಿಹಾರದ ರೂಢಿ

ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಪರಿಸರ ಕಟ್ಟಿ, ಪಿಪ್ ಎಂದು ನೇರವಾಗಿ ಬರೆಯದೆ ಪೈಥಾನ್ -ಎಮ್ ಪಿಪ್ ಎಂದೂ, ಜಾಂಗೋ-ಅಡ್ಮಿನ್ ಬದಲು ಪೈಥಾನ್ -ಎಮ್ ಜಾಂಗೋ ಎಂದೂ ಬರೆಯುವುದು ಬಲವಾದ ಕ್ರಮ. ಹೀಗೆ ಬರೆದಾಗ ಅಳವಡಿಸುವುದೂ ಓಡಿಸುವುದೂ ಒಂದೇ ಪೈಥಾನ್ ಆಗಿರುತ್ತದೆ. ಪರಿಸರವನ್ನು ಚಾಲನೆಗೆ ತರಲಾಗದ ಕಡೆ, ಅದರ ಪೈಥಾನ್‌ನ ಪೂರ್ಣ ವಿಳಾಸವನ್ನೇ ಬರೆದರೂ ಫಲ ಅದೇ. ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳಲ್ಲಿ ಈ ದಾರಿಯೇ ಮೇಲು. ವಿಂಡೋಸ್‌ನಲ್ಲಿ ಮ್ಯಾನೇಜ್.ಪೈ ಎಂದಷ್ಟೇ ಬರೆದರೆ ಫೈಲಿನ ಜೊತೆ ನೋಂದಾಯಿತವಾದ ಪೈಥಾನ್ ಏಳಬಹುದಾದ್ದರಿಂದ ಅದಕ್ಕೆ ಮೊದಲು ಪೈಥಾನ್ ಎಂದು ಸೇರಿಸಬೇಕು. ಪರಿಸರದ ಫೋಲ್ಡರನ್ನು ನಕಲು ಮಾಡಿ ಬೇರೆ ಯಂತ್ರಕ್ಕೆ ಒಯ್ಯಬಾರದು. ಪ್ಯಾಕೇಜುಗಳ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದು ಒಯ್ದು ಅಲ್ಲಿ ಹೊಸದಾಗಿ ಕಟ್ಟಬೇಕು.

ಕನ್ನಡ ಲಿಪಿಯ ಸಂದರ್ಭ

ಪೈಥಾನ್ 3 ಗುರುತುಪದಗಳಲ್ಲಿ ಯೂನಿಕೋಡ್ ಅಕ್ಷರಗಳನ್ನು ಒಪ್ಪುವುದರಿಂದ ಸ್ಟಾರ್ಟ್‌ಪ್ರಾಜೆಕ್ಟ್‌ನ ಹೆಸರು ಪರೀಕ್ಷೆಯಲ್ಲಿ ಪುಸ್ತಕ ಎಂಬಂಥ ಕನ್ನಡ ಪದ ತೇರ್ಗಡೆಯಾಗುತ್ತದೆ. ಬಸ್‌ಪಾಸ್ ಎಂಬಂಥ ಪದ ಹಳೆಯ ಪೈಥಾನ್ ಆವೃತ್ತಿಗಳಲ್ಲಿ ಆಗುವುದಿಲ್ಲ. ಅರ್ಧಾಕ್ಷರ ಮುಂದಿನದರ ಒತ್ತಾಗದಂತೆ ತಡೆಯಲು ಬರಹದಲ್ಲಿ ಸೇರುವ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು ಆ ಆವೃತ್ತಿಗಳು ಗುರುತುಪದದ ಭಾಗವಾಗಿ ಒಪ್ಪುವುದಿಲ್ಲ. ಸರ್ವರು, ಆವೃತ್ತಿ ನಿರ್ವಹಣೆ ಮುಂತಾದ ಮುಂದಿನ ಹಂತಗಳನ್ನು ನೋಡಿದರೆ ಪ್ರಾಜೆಕ್ಟಿಗೆ ರೋಮನ್ ಹೆಸರೇ ಕ್ಷೇಮ. ವಿಂಡೋಸ್‌ನಲ್ಲಿ ಬಳಕೆದಾರರ ಫೋಲ್ಡರು ಕನ್ನಡದಲ್ಲಿದ್ದರೆ ಹಿಂದೆ ಎಡವುತ್ತಿತ್ತು. 2016ರ ಪೈಥಾನ್ 3.6 ಫೈಲು ಹೆಸರುಗಳನ್ನೂ ಕನ್ಸೋಲನ್ನೂ ಯುಟಿಎಫ್-8ರಲ್ಲಿ ನಿಭಾಯಿಸತೊಡಗಿದ ಮೇಲೆ ಅದು ಬಹಳ ಮಟ್ಟಿಗೆ ಸರಿಯಾಗಿದೆ.

ಜಾಂಗೋ ತನ್ನೊಂದಿಗೆ ತರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದರ ಸಂಕೇತ ಕೆಎನ್. ಸ್ವಂತ ತಾಣದ ಪಠ್ಯವನ್ನು ಕನ್ನಡಿಸಲು ಮೇಕ್‌ಮೆಸೇಜಸ್ ಓಡಿಸಿದವರಿಗೆ ಎಂಎಸ್‌ಜಿಯುನಿಕ್ ಸಿಗಲಿಲ್ಲ ಎಂಬ ದೋಷ ಬಂದರೆ, ಕಾಣೆಯಾಗಿರುವುದು ಗ್ನೂ ಗೆಟ್‌ಟೆಕ್ಸ್ಟ್ ಸಾಧನಗಳು. ಅವು ಪೈಥಾನ್ ಪ್ಯಾಕೇಜುಗಳಲ್ಲವಾದ್ದರಿಂದ ಪಿಪ್ ಜಾಂಗೋ ಜೊತೆ ಅವನ್ನು ತರುವುದಿಲ್ಲ. ವಿಂಡೋಸ್‌ನಲ್ಲಿ ಅವನ್ನು ಬೇರೆಯಾಗಿ ಅಳವಡಿಸಿ, ಆ ಫೋಲ್ಡರನ್ನೂ ಪಾತ್‌ಗೆ ಸೇರಿಸಬೇಕು.

ಇಂದಿನ ಸ್ಥಿತಿ

ಜಾಂಗೋದ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಬರುತ್ತದೆ. ಪ್ರತಿ ಎರಡು ವರ್ಷಕ್ಕೆ ಒಂದು ಆವೃತ್ತಿಗೆ ದೀರ್ಘಾವಧಿ ಬೆಂಬಲ ಇರುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ 5.2 ಅಂಥದು, ಅದಕ್ಕೆ ಪೈಥಾನ್ 3.10 ಅಥವಾ ಮುಂದಿನದು ಬೇಕು. 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಜಾಂಗೋ ಗರ್ಲ್ಸ್ ಸಂಸ್ಥೆಯ ಉಚಿತ ಪಾಠ, ಟರ್ಮಿನಲ್ ಎಂದರೇನು ಎಂಬಲ್ಲಿಂದ ಹಿಡಿದು ಮೂರೂ ಕಾರ್ಯವ್ಯವಸ್ಥೆಗಳ ಅಳವಡಿಕೆಯನ್ನು ಬೇರೆ ಬೇರೆಯಾಗಿ ವಿವರಿಸುತ್ತದೆ.

ಸಾಧನಗಳ ಮಟ್ಟದಲ್ಲಿ ದೊಡ್ಡ ಬದಲಾವಣೆ ತಂದಿರುವುದು ಆಸ್ಟ್ರಲ್ ಸಂಸ್ಥೆ 2024ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಯುವಿ. ಬೇಕಾದ ಪೈಥಾನ್ ಆವೃತ್ತಿಯನ್ನು ತರುವುದು, ಪರಿಸರ ಕಟ್ಟುವುದು, ಪ್ಯಾಕೇಜು ಅಳವಡಿಸುವುದು ಇವೆಲ್ಲವನ್ನೂ ಅದು ಒಂದೇ ಕಮಾಂಡಿನಡಿ ತಂದಿದೆ. ಕಮಾಂಡಿಗೆ ಮೊದಲು ಯುವಿ ರನ್ ಎಂದು ಸೇರಿಸಿದರೆ ಪರಿಸರವನ್ನು ಕೈಯಾರೆ ಚಾಲನೆಗೆ ತರಬೇಕಾಗಿಲ್ಲ. ಆದರೆ ಯುವಿ ಕೂಡ ಪಾತ್‌ನಲ್ಲಿ ಇರಲೇಬೇಕಾದ ಒಂದು ಕಮಾಂಡು. ಅದನ್ನು ಅಳವಡಿಸಿದ ಟರ್ಮಿನಲ್ ಕಿಟಕಿಯಲ್ಲೇ ಅದು ಸಿಗದಿದ್ದರೆ, ಕಿಟಕಿ ಮುಚ್ಚಿ ಹೊಸದನ್ನು ತೆರೆದು ನೋಡಬೇಕು.